ಡ್ಯೂಟಿ ಪಟ್ಟಿಯ ಕೆಂಪು ಅಕ್ಷರಗಳು

ನನ್ನ ಅತ್ತಿಗೆ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷಣಾಧಿಕಾರಿ. ಸ್ಟಾಫ್ ನರ್ಸ್ ಎಂಬ ಹುದ್ದೆಗೆ ಈ ಹೆಸರು ಬಂದು ಕೆಲವು ವರ್ಷಗಳಾದವು. ವಾರ್ಡಿನಲ್ಲಿ ಮಾತ್ರ ಅವರು ಈಗಲೂ ಎಲ್ಲರಿಗೂ ‘ಸಿಸ್ಟರ್’. ತಿಂಗಳ ಕೊನೆಯ ವಾರ ಅವರ ಮೊಬೈಲಿಗೆ ಒಂದು ಫೋಟೊ ಬರುತ್ತಿತ್ತು. ಸ್ಕೇಲಿಟ್ಟು ಗೆರೆ ಎಳೆದ ದೊಡ್ಡ ಹಾಳೆ. ಎಡಗಡೆ ಹೆಸರುಗಳು, ತಲೆಯ ಮೇಲೆ ತಾರೀಕುಗಳು, ಚೌಕಕ್ಕೊಂದು ಅಕ್ಷರ. ‘ಎಂ’ ಎಂದರೆ ಬೆಳಿಗ್ಗೆ ಎಂಟರಿಂದ ಎರಡು. ‘ಇ’ ಎಂದರೆ ಎರಡರಿಂದ ರಾತ್ರಿ ಎಂಟು. ‘ಎನ್’ ಎಂದರೆ ರಾತ್ರಿ ಎಂಟರಿಂದ ಮರುದಿನ ಬೆಳಿಗ್ಗೆ ಎಂಟು, ಪೂರ್ತಿ ಹನ್ನೆರಡು ಗಂಟೆ. ಎನ್‌ಗಳನ್ನು ಕೆಂಪು ಶಾಯಿಯಲ್ಲಿ ಬರೆದಿರುತ್ತಾರೆ. ಅತ್ತಿಗೆ ಒಲೆ ಸಣ್ಣಗೆ ಮಾಡಿ, ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ, ತಮ್ಮ ಸಾಲನ್ನು ಎಡದಿಂದ ಬಲಕ್ಕೆ ಓದುತ್ತಿದ್ದರು. ಮಗಳ ಪರೀಕ್ಷೆಯ ಹಿಂದಿನ ರಾತ್ರಿ ಯಾವ ಬಣ್ಣ? ತವರೂರಿನ ತೇರಿನ ದಿನ ಯಾವ ಅಕ್ಷರ? ಆಮೇಲೆ ಫೋನ್ ಕೆಳಗಿಟ್ಟು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಒಗ್ಗರಣೆಯ ಸದ್ದು ಕೇಳಿದರೆ ಸಾಕು, ಆ ತಿಂಗಳು ಹೇಗಿದೆ ಎಂದು ಅಣ್ಣನಿಗೆ ಗೊತ್ತಾಗಿಬಿಡುತ್ತಿತ್ತು.

ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು, ಪ್ರಯೋಗಾಲಯದ ತಂತ್ರಜ್ಞರು, ಸ್ವಚ್ಛತಾ ಸಿಬ್ಬಂದಿ, ಇವರೆಲ್ಲರ ನೆಮ್ಮದಿಯ ಬಗ್ಗೆ ಈಗ ಮಾತು ಹೆಚ್ಚಾಗಿದೆ. ಮೇ 12ರ ದಾದಿಯರ ದಿನದಂದು ಬ್ಯಾನರ್ ಕಟ್ಟಿ, ಗುಲಾಬಿ ಕೊಟ್ಟು, ಒತ್ತಡ ನಿರ್ವಹಣೆಯ ಬಗ್ಗೆ ಉಪನ್ಯಾಸ ಏರ್ಪಡಿಸುವುದು ರೂಢಿಯಾಗಿದೆ. ಬೆಳಿಗ್ಗೆ ಎಂಟಕ್ಕೆ ರಾತ್ರಿ ಪಾಳಿ ಮುಗಿಸಿದವರನ್ನು ಹನ್ನೊಂದು ಗಂಟೆಯ ಆ ಉಪನ್ಯಾಸಕ್ಕೆ ಕೂರಿಸಿಕೊಳ್ಳುವುದನ್ನೂ ಕಂಡಿದ್ದೇನೆ. ಉಪನ್ಯಾಸದ ಮೇಲೆ, ಪ್ರಾಣಾಯಾಮದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ನೆಮ್ಮದಿಯ ಕಥೆ ಶುರುವಾಗುವುದು ಗೆರೆ ಎಳೆದ ಆ ಹಾಳೆಯಿಂದ. ಅದನ್ನು ಓದಲು ಕಲಿತರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಮೊದಲು ಒಂದು ಪದ. ದಣಿವಿಗೂ ‘ಬರ್ನ್‌ಔಟ್’ ಎನ್ನುವುದಕ್ಕೂ ವ್ಯತ್ಯಾಸವಿದೆ. ಈ ಪದವನ್ನು ಇಂದಿನ ಅರ್ಥದಲ್ಲಿ ಬಳಕೆಗೆ ತಂದವರು ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, 1974ರಲ್ಲಿ. ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದವರಲ್ಲಿ ಮುಖ್ಯರು ಕ್ರಿಸ್ಟಿನಾ ಮಾಸ್ಲಾಕ್. ದೀಪದಲ್ಲಿ ಎಣ್ಣೆ ಇರುವವರೆಗೆ ಉರಿಯುವುದು ಎಣ್ಣೆ. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯತೊಡಗುತ್ತದೆ. ಬರ್ನ್‌ಔಟ್ ಈ ಎರಡನೆಯ ಸ್ಥಿತಿ. ಮಾಸ್ಲಾಕ್ ಅದರಲ್ಲಿ ಮೂರು ಎಳೆಗಳನ್ನು ಗುರುತಿಸಿದರು. ಮನಸ್ಸಿನ ಶಕ್ತಿ ಪೂರ್ತಿ ಬರಿದಾಗುವುದು ಒಂದು. ಎದುರಿಗಿರುವ ಮನುಷ್ಯ ಮನುಷ್ಯನಂತೆ ಕಾಣದೇ ಹೋಗುವುದು ಇನ್ನೊಂದು. ತಾನು ಮಾಡುವ ಕೆಲಸದಿಂದ ಯಾರಿಗೂ ಏನೂ ಆಗುತ್ತಿಲ್ಲ ಎನ್ನಿಸುವುದು ಮೂರನೆಯದು.

ಎರಡನೆಯ ಎಳೆಯನ್ನು ಹೊರಗಿನವರು ಸುಲಭವಾಗಿ ತಪ್ಪು ತಿಳಿಯುತ್ತಾರೆ. ‘ಹದಿನೇಳನೇ ಬೆಡ್‌ಗೆ ಡ್ರಿಪ್ ಬದಲಿಸಿ’ ಎಂದು ಸಿಸ್ಟರ್ ಕೂಗಿದರೆ ‘ನಮ್ಮಪ್ಪನಿಗೆ ಹೆಸರಿಲ್ಲವೇ’ ಎಂದು ಮಗನಿಗೆ ಬೇಸರವಾಗುತ್ತದೆ. ಬೆಡ್ ನಂಬರಿನಿಂದ ಕರೆಯುವುದು ಬರ್ನ್‌ಔಟ್ ಅಲ್ಲ, ಅದು ವಾರ್ಡಿನ ಭಾಷೆ. ಹದಿನೇಳನೇ ಬೆಡ್ಡಿನ ಮುದುಕರು ತೀರಿಕೊಂಡಾಗ ‘ಸದ್ಯ, ಒಂದು ಬೆಡ್ ಖಾಲಿಯಾಯಿತು’ ಎಂಬುದಷ್ಟೇ ಮನಸ್ಸಿಗೆ ಬಂದು, ಮನೆಗೆ ಹೋಗಿ ಅದನ್ನು ನೆನೆದು ತನ್ನ ಮೇಲೆಯೇ ಭಯವಾಗುವುದಿದೆಯಲ್ಲ, ಅದು ಬರ್ನ್‌ಔಟ್.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯನ್ನು ಅಂಗೀಕರಿಸಿದಾಗ ಬರ್ನ್‌ಔಟನ್ನು ಅದರಲ್ಲಿ ಸೇರಿಸಿತು. ಆದರೆ ರೋಗ ಎಂದು ಕರೆಯಲಿಲ್ಲ. ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಕೆಲಸದ ಸ್ಥಳದ ಒತ್ತಡವನ್ನು ದೀರ್ಘಕಾಲ ಸರಿಪಡಿಸದೇ ಬಿಟ್ಟರೆ ಹುಟ್ಟುವ ಸ್ಥಿತಿ ಎಂಬ ವಿವರಣೆ ಕೊಟ್ಟಿತು. ಪದಗಳ ಜಗ್ಗಾಟದಂತೆ ಕಂಡರೂ ಇದರ ಪರಿಣಾಮ ದೊಡ್ಡದು. ರೋಗವಾದರೆ ಮದ್ದು ಕುಡಿಯಬೇಕಾದವರು ಸಿಸ್ಟರ್. ಕೆಲಸದ ಸಮಸ್ಯೆಯಾದರೆ ಮದ್ದು ಆಗಬೇಕಾದದ್ದು ಕೆಲಸಕ್ಕೆ.

ಈಗ ಹಾಳೆಗೆ ಬರೋಣ. ಒಂದು ಕುರ್ಚಿಯಲ್ಲಿ ವಾರದ ಏಳು ದಿನವೂ, ದಿನದ ಇಪ್ಪತ್ತನಾಲ್ಕು ಗಂಟೆಯೂ ಒಬ್ಬ ದಾದಿ ಕೂತಿರಬೇಕು ಎಂದರೆ ಎಷ್ಟು ದಾದಿಯರು ಬೇಕು? ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿಯಬಹುದು. ಭಾಗಿಸಿದರೆ ಮೂರೂವರೆ. ಆದರೆ ಮನುಷ್ಯರಿಗೆ ಜ್ವರ ಬರುತ್ತದೆ, ಹೆರಿಗೆಯಾಗುತ್ತದೆ, ತರಬೇತಿಗೆ ಕರೆ ಬರುತ್ತದೆ, ಮನೆಯಲ್ಲಿ ಮದುವೆ–ತಿಥಿಗಳು ಇರುತ್ತವೆ. ಅದಕ್ಕಾಗಿಯೇ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಲ್ಲಿ ರಜೆಯ ಲೆಕ್ಕಕ್ಕೆಂದು ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕು ಎಂದಿದೆ. ಅದನ್ನೂ ಸೇರಿಸಿದರೆ ಕುರ್ಚಿಯೊಂದಕ್ಕೆ ನಾಲ್ಕೂವರೆ ಜನ.

ನೂರು ಹಾಸಿಗೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಇಪ್ಪತ್ತನಾಲ್ಕು ದಾದಿಯರಿದ್ದಾರೆ ಎಂದುಕೊಳ್ಳಿ. ಕೇಳಲು ದೊಡ್ಡ ಸಂಖ್ಯೆ. ನಾಲ್ಕೂವರೆಯಿಂದ ಭಾಗಿಸಿ: ಯಾವುದೇ ಕ್ಷಣದಲ್ಲಿ ಕೆಲಸದ ಮೇಲಿರುವವರು ಐದು ಮಂದಿ. ಹೆರಿಗೆ ಕೊಠಡಿಗೆ ಒಬ್ಬರು, ತುರ್ತು ಚಿಕಿತ್ಸೆಗೆ ಒಬ್ಬರು, ನವಜಾತ ಶಿಶುಗಳ ಘಟಕಕ್ಕೆ ಒಬ್ಬರು. ಮಿಕ್ಕ ಇಬ್ಬರು ಎಲ್ಲ ವಾರ್ಡುಗಳನ್ನೂ ಹಂಚಿಕೊಳ್ಳಬೇಕು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬ ದಾದಿ ಎಂಬ ಮಾನದಂಡವನ್ನು ಓದಿ ಅನೇಕರು ‘ಮೂರೇ ರೋಗಿಗಳಾ?’ ಎಂದು ಹುಬ್ಬೇರಿಸುತ್ತಾರೆ. ಅದು ಒಟ್ಟು ಹುದ್ದೆಗಳ ಲೆಕ್ಕ. ಮೂರು ಪಾಳಿಗೆ ಹಂಚಿದರೆ ಪಾಳಿಯಲ್ಲಿ ಒಬ್ಬರಿಗೆ ಒಂಬತ್ತು ಹಾಸಿಗೆ. ಅದೂ ಮಂಜೂರಾದ ಹುದ್ದೆಗಳೆಲ್ಲ ಭರ್ತಿಯಾಗಿದ್ದರೆ.

ಹುದ್ದೆ ಖಾಲಿ ಇದ್ದಾಗ ರಾತ್ರಿ ಹೇಗಿರುತ್ತದೆ ಎಂಬುದನ್ನು ಮಾವನವರ ಪಕ್ಕದಲ್ಲಿ ಐದು ರಾತ್ರಿ ಮಲಗಿದ್ದಾಗ ನೋಡಿದ್ದೇನೆ. ಮೂವತ್ತು ಹಾಸಿಗೆ, ಒಬ್ಬರೇ ಸಿಸ್ಟರ್. ಹತ್ತು ಗಂಟೆಯ ಇಂಜೆಕ್ಷನ್ನಿಗೆ ಟ್ರಾಲಿ ತಳ್ಳಿಕೊಂಡು ಹೊರಟರು. ಕೇಸ್ ಶೀಟ್ ನೋಡಬೇಕು, ಹೆಸರು ಕೇಳಿ ಖಚಿತಪಡಿಸಿಕೊಳ್ಳಬೇಕು, ಸೀಸೆ ಒಡೆದು ಸಿರಿಂಜಿಗೆ ತುಂಬಬೇಕು, ಕೈಯ ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ, ಕ್ಯಾನುಲಾ, ಕಟ್ಟಿಕೊಂಡಿದ್ದರೆ ಬಿಡಿಸಬೇಕು, ಕೊಟ್ಟ ಮೇಲೆ ಸಮಯ ಬರೆದು ಸಹಿ ಹಾಕಬೇಕು. ತಲೆಗೆ ನಾಲ್ಕು ನಿಮಿಷ ಹಿಡಿದರೂ ಮೂವತ್ತು ಜನಕ್ಕೆ ಎರಡು ಗಂಟೆ; ಕೊನೆಯ ಹಾಸಿಗೆಗೆ ಹತ್ತು ಗಂಟೆಯ ಮದ್ದು ಮುಟ್ಟುವುದು ಮಧ್ಯರಾತ್ರಿಗೆ. ನಡುವೆ ಯಾರಿಗೂ ವಾಂತಿಯಾಗಬಾರದು, ಹೊಸ ರೋಗಿ ಬರಬಾರದು, ‘ಸಿಸ್ಟರ್, ಫ್ಯಾನ್ ತಿರುಗುತ್ತಿಲ್ಲ’ ಎಂದು ನನ್ನಂಥವನು ಹಿಂದೆ ಹೋಗಬಾರದು. ನಾನು ಹೋಗಿದ್ದೆ. ಅವರು ತಲೆ ಎತ್ತದೆ ಸಿರಿಂಜಿನ ಗಾಳಿ ತೆಗೆಯುತ್ತಲೇ ‘ಹನ್ನೊಂದನೇ ಬೆಡ್ ಮುಗಿಸಿ ಬರುತ್ತೇನೆ ಸರ್’ ಎಂದರು. ಆಗ ಅವರಿದ್ದದ್ದು ಆರನೆಯ ಬೆಡ್ಡಿನಲ್ಲಿ. ಹನ್ನೊಂದು ಮುಗಿಸಿ ನಿಜಕ್ಕೂ ಬಂದರು, ಸ್ಟೂಲು ಹತ್ತಿ ರೆಗ್ಯುಲೇಟರ್ ತಟ್ಟಿ ಹೋದರು. ನನಗೆ ಈಗಲೂ ನಾಚಿಕೆಯಾಗುತ್ತದೆ.

ಈ ಲೆಕ್ಕಕ್ಕೂ ರೋಗಿಯ ಪ್ರಾಣಕ್ಕೂ ನೇರ ಸಂಬಂಧವಿದೆ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ವರದಿ ಪ್ರಸಿದ್ಧ. ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ. ಅದೇ ದಾದಿ ಬರ್ನ್‌ಔಟಿಗೆ ಒಳಗಾಗುವ ಸಂಭವ ಶೇ 23ರಷ್ಟು ಏರುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ ಈ ವರದಿಗೆ ಮುಂಚೆಯೇ, 1999ರಲ್ಲಿ, ಒಬ್ಬ ದಾದಿಗೆ ಇಂತಿಷ್ಟೇ ರೋಗಿಗಳು ಎಂದು ಕಾನೂನು ಮಾಡಿತ್ತು. ಜಾರಿಗೆ ಬಂದದ್ದು 2004ರಲ್ಲಿ.

ವೈದ್ಯರ ಪಟ್ಟಿ ಬೇರೆ ಥರ. ಅಲ್ಲಿ ಕೊರತೆಯಾಗುವುದು ನಿದ್ದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂವತ್ತಾರು ಗಂಟೆ ಸತತ ಕೆಲಸ ಮಾಡುವುದು ನಮ್ಮ ಬೋಧನಾ ಆಸ್ಪತ್ರೆಗಳಲ್ಲಿ ಹೊಸತೇನಲ್ಲ. ಬೆಳಿಗ್ಗೆ ವಾರ್ಡಿಗೆ ಬಂದವರು ಹಗಲು, ರಾತ್ರಿ, ಮತ್ತೆ ಮರುದಿನದ ಹೊರರೋಗಿ ವಿಭಾಗ ಮುಗಿಸಿ ಸಂಜೆ ಹಾಸ್ಟೆಲ್ಲಿಗೆ ನಡೆಯುತ್ತಾರೆ. ‘ನಾವೂ ಹಾಗೆಯೇ ಕಲಿತದ್ದು’ ಎನ್ನುವ ಹಿರಿಯರಿಗೆ 1997ರ ಆಸ್ಟ್ರೇಲಿಯಾದ ಪ್ರಯೋಗವೊಂದನ್ನು ತೋರಿಸಬೇಕು. ಹದಿನೇಳು ಗಂಟೆ ಸತತ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿದಿತ್ತು. ಇಪ್ಪತ್ತನಾಲ್ಕು ಗಂಟೆಗೆ ಅದು ಶೇ 0.10ರ ಸಮ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕನಿಗಿರುವ ಮಿತಿ ಶೇ 0.03. ಅಂದರೆ, ಲೈಸೆನ್ಸ್ ಕಿತ್ತುಕೊಳ್ಳಬೇಕಾದ ಸ್ಥಿತಿಯಲ್ಲಿರುವವರ ಕೈಗೆ ನಾವು ಸೂಜಿ–ದಾರ ಕೊಡುತ್ತಿದ್ದೇವೆ. ಬೋಸ್ಟನ್ನಿನಲ್ಲಿ ತೀವ್ರ ನಿಗಾ ಘಟಕದ ಕಿರಿಯ ವೈದ್ಯರ ಮೇಲೆ ನಡೆದ 2004ರ ಅಧ್ಯಯನದಲ್ಲಿ, ಹಳೆಯ ದೀರ್ಘ ಪಾಳಿಯಲ್ಲಿದ್ದಾಗ ಅವರಿಂದಾದ ಗಂಭೀರ ತಪ್ಪುಗಳು ಪಾಳಿ ಮೊಟಕುಗೊಳಿಸಿದಾಗಿನದಕ್ಕಿಂತ ಶೇ 36ರಷ್ಟು ಹೆಚ್ಚಿದ್ದವು.

ಅಮೆರಿಕದಲ್ಲಿ ಈ ಚರ್ಚೆಗೆ ಕಿಡಿ ಹೊತ್ತಿದ್ದು 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ತೀರಿಕೊಂಡ ಹದಿನೆಂಟರ ಹುಡುಗಿ ಲಿಬ್ಬಿ ಜಿಯಾನ್‌ಳಿಂದ. ಆಕೆಯ ತಂದೆ ಪತ್ರಕರ್ತ. ದಣಿದ ಕಿರಿಯ ವೈದ್ಯರ ಕೈಗೆ ಮಗಳನ್ನು ಬಿಡಲಾಗಿತ್ತು ಎಂದು ಅವರು ವರ್ಷಗಟ್ಟಲೆ ಹೋರಾಡಿದರು. 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು, 2003ರಲ್ಲಿ ಅದು ಇಡೀ ದೇಶಕ್ಕೆ ಬಂತು. ನಮ್ಮಲ್ಲಿ? 1992ರಲ್ಲಿಯೇ ಕಿರಿಯ ವೈದ್ಯರ ತರಬೇತಿಗೆ ಸಂಬಂಧಿಸಿದ, ಕೇಂದ್ರ ಆರೋಗ್ಯ ಸಚಿವಾಲಯದ ರೆಸಿಡೆನ್ಸಿ ಯೋಜನೆಯ ಆದೇಶದಲ್ಲಿ, ಸತತ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ ಹನ್ನೆರಡು ಗಂಟೆ ಮೀರಬಾರದು, ಸರದಿಯಂತೆ ವಾರದ ರಜೆ ಕೊಡಬೇಕು ಎಂದು ಬರೆದಿದೆ. 2023ರ ಸ್ನಾತಕೋತ್ತರ ವೈದ್ಯಕೀಯ ನಿಯಮಗಳು ಗಂಟೆಯ ಲೆಕ್ಕ ಬಿಟ್ಟು ‘ಸಮಂಜಸವಾದ ಅವಧಿ’ ಎಂದವು. ಯಾರಿಗೆ ಸಮಂಜಸ ಎಂಬುದನ್ನು ವಿಭಾಗದ ಮುಖ್ಯಸ್ಥರಿಗೇ ಬಿಟ್ಟಂತಾಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು.

ಗಂಟೆ ಕಡಿಮೆ ಮಾಡಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಯೇ ಎಂದರೆ, ಇಲ್ಲ. ಪಾಳಿ ಚಿಕ್ಕದಾದಷ್ಟೂ ರೋಗಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಪ್ಪಿಸುವ ಸರದಿ ಹೆಚ್ಚುತ್ತದೆ, ಪ್ರತಿ ಒಪ್ಪಿಸುವಿಕೆಯಲ್ಲೂ ಒಂದು ಮಾತು ಬಿಟ್ಟುಹೋಗಬಹುದು. ಅಮೆರಿಕದವರು 2011ರಲ್ಲಿ ಮೊದಲ ವರ್ಷದವರಿಗೆ ಹದಿನಾರು ಗಂಟೆಯ ಮಿತಿ ತಂದು, 2017ರಲ್ಲಿ ಹಿಂದಕ್ಕೆ ಪಡೆದರು. ಹಾಗಾಗಿ ಪಾಳಿ ಬದಲಾಗುವ ಆ ಅರ್ಧ ಗಂಟೆಯನ್ನೂ ಡ್ಯೂಟಿಯ ಭಾಗವೆಂದೇ ಎಣಿಸಬೇಕು. ಎಂಟಕ್ಕೆ ಬರಬೇಕಾದವರು ಎಂಟೂಕಾಲಿಗೆ ಓಡುತ್ತ ಬಂದು, ಹೋಗಬೇಕಾದವರು ಬಸ್ಸಿಗೆ ಓಡುತ್ತ ಹೇಳುವ ಮಾತು ಒಪ್ಪಿಸುವಿಕೆಯಾಗದು.

ಇನ್ನು ಹಾಳೆಯಲ್ಲಿ ಕಾಣದ ಒಂದು ವಿಷಯ: ಆ ಕೆಂಪು ಅಕ್ಷರದ ರಾತ್ರಿಯಲ್ಲಿ ಅವರು ಬಟ್ಟೆ ಬದಲಿಸುವುದೆಲ್ಲಿ, ಅರ್ಧ ಗಂಟೆ ಒರಗುವುದೆಲ್ಲಿ? ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಕೆಲಸ ಮುಗಿಸಿ, ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅದೇ ಆಸ್ಪತ್ರೆಯ ಕೆಲಸಗಾರ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ದೌರ್ಜನ್ಯವೆಸಗಿದ. ಮಿದುಳಿಗೆ ಆಮ್ಲಜನಕ ನಿಂತುಹೋಗಿ ಅವರು ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಉಣಿಸಿದರು, ಮೈ ಒರೆಸಿದರು, ಮಗ್ಗುಲು ಬದಲಿಸಿದರು. ದಯಾಮರಣದ ಕುರಿತ 2011ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಅವರ ಹೆಸರು ಕಾನೂನಿನ ಪಾಠವಾಗಿ ಉಳಿದಿದೆ. ಆ ನೆಲಮಾಳಿಗೆ ಮಾತ್ರ ಯಾರಿಗೂ ಅಷ್ಟಾಗಿ ಪಾಠವಾಗಲಿಲ್ಲ.

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಯುವ ವೈದ್ಯೆಯೊಬ್ಬರು ಅತ್ಯಾಚಾರಕ್ಕೊಳಗಾಗಿ ಕೊಲೆಯಾದರು. ದೀರ್ಘ ಡ್ಯೂಟಿಯ ನಡುವೆ ಅವರು ವಿಶ್ರಾಂತಿಗೆ ಹೋಗಿದ್ದದ್ದು ವಿಚಾರಗೋಷ್ಠಿಯ ಕೊಠಡಿಗೆ. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಆಗಸ್ಟ್ 20ರಂದು ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಆ ಆದೇಶದಲ್ಲಿ ಅರುಣಾ ಅವರ ಹೆಸರಿದೆ. ರಾತ್ರಿ ಪಾಳಿಯವರಿಗೆ ವಿಶ್ರಾಂತಿ ಕೊಠಡಿಗಳ ಕೊರತೆಯ ಮಾತೂ ಇದೆ. ನಡುವೆ ಕಳೆದದ್ದು ಐವತ್ತು ವರ್ಷ. ಎರಡು ಕಡೆಯೂ ಬೇಕಿದ್ದದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ.

ಹಲ್ಲೆಯ ವಿರುದ್ಧ ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆಯಿದೆ. ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈಮಾಡಿದವರಿಗೆ ಮೂರು ವರ್ಷದವರೆಗೆ ಜೈಲು, ₹50,000ದವರೆಗೆ ದಂಡ ಎಂದು 2009ರ ಆ ಕಾಯ್ದೆಯಲ್ಲಿತ್ತು. ಆಸ್ತಿಗೆ ಹಾನಿ ಮಾಡಿದರೆ ಅದರ ಎರಡು ಪಟ್ಟು ತೆರಬೇಕು ಎಂದೂ ಇತ್ತು. ಇದನ್ನು ಬರೆದ ಫಲಕ ಆಸ್ಪತ್ರೆಗಳ ಬಾಗಿಲಲ್ಲಿ ತೂಗುತ್ತದೆ. ಆದರೆ ಕಾಯ್ದೆ ಕೈಗೆ ಬರುವುದು ಪೆಟ್ಟು ಬಿದ್ದ ಮೇಲೆ. ಜಗಳಗಳು ಹುಟ್ಟುವ ಜಾಗವನ್ನು ಗಮನಿಸಿದರೆ ಬಹುಪಾಲು ಒಂದೇ ಬಗೆ: ತುರ್ತು ಚಿಕಿತ್ಸಾ ಕೊಠಡಿಯ ಬಾಗಿಲು, ಏನಾಗುತ್ತಿದೆ ಎಂದು ಗಂಟೆಯಿಂದ ಯಾರೂ ಹೇಳದ ಬಂಧುಗಳು, ಒಳಗಿನಿಂದ ಹೊರಗೆ ಬಂದ ಮೊದಲ ಬಿಳಿ ಕೋಟು. ಆ ಕೋಟಿನೊಳಗೆ ಇರುವುದು ಇಪ್ಪತ್ತಮೂರರ ಹೌಸ್ ಸರ್ಜನ್, ಅಂದರೆ ಇನ್ನೂ ತರಬೇತಿಯಲ್ಲಿರುವ ವೈದ್ಯರು; ನಿರ್ಧಾರ ಮಾಡುವವರು ಅವರಲ್ಲ, ಬಿಲ್ ಬರೆದವರೂ ಅವರಲ್ಲ. ಬಂಧುಗಳೊಂದಿಗೆ ಮಾತನಾಡುವುದೇ ಕೆಲಸವಾಗಿರುವ ಒಬ್ಬರನ್ನು ಆ ಬಾಗಿಲಲ್ಲಿ ನಿಲ್ಲಿಸುವ ಖರ್ಚು, ಒಡೆದ ಗಾಜು ಹಾಕಿಸುವ ಖರ್ಚಿಗಿಂತ ಕಡಿಮೆ.

ಕೆಲವರ ಹೆಸರು ಈ ಹಾಳೆಯಲ್ಲಿ ಇರುವುದೇ ಇಲ್ಲ. ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಯ ಪಟ್ಟಿ ಗುತ್ತಿಗೆದಾರನ ಜೇಬಿನಲ್ಲಿರುತ್ತದೆ. ಕಸದ ಚೀಲದಲ್ಲಿ ಯಾರೋ ಅವಸರಕ್ಕೆ ಬಿಟ್ಟ ಸೂಜಿ ಚುಚ್ಚುವುದು ಅವರ ಕೈಗೆ. ರೋಗಿಗೆ ಎಚ್‌ಐವಿ ಇದ್ದಾಗಲೂ ಒಂದು ಚುಚ್ಚಿನಿಂದ ಸೋಂಕು ತಗಲುವ ಸಂಭವ ಸಾವಿರದಲ್ಲಿ ಮೂರರಷ್ಟು, ಆದಷ್ಟು ಬೇಗ, ತಪ್ಪಿದರೆ 72 ಗಂಟೆಯೊಳಗೆ ಔಷಧ ಶುರುಮಾಡಿದರೆ ಅದೂ ತಗ್ಗುತ್ತದೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಅದಕ್ಕಿಂತ ಹಲವು ಪಟ್ಟು. ಲಸಿಕೆ ಇದೆ, ಮೂರು ಡೋಸು, ದುಬಾರಿಯೂ ಅಲ್ಲ. ಡಾಕ್ಟರರಿಗೆ ಹಾಕಿಸಿ ಕಸ ಹೊರುವವರನ್ನು ಮರೆಯುವ ಆಸ್ಪತ್ರೆ, ನೆಮ್ಮದಿಯ ಬ್ಯಾನರ್ ಕಟ್ಟುವ ಮೊದಲು ಆ ರಿಜಿಸ್ಟರನ್ನೊಮ್ಮೆ ತೆರೆದು ನೋಡಲಿ.

ಆಶಾ ಕಾರ್ಯಕರ್ತೆಯರಿಗಂತೂ ಡ್ಯೂಟಿ ಪಟ್ಟಿಯೇ ಇಲ್ಲ. ಆದ್ದರಿಂದ ಆಫ್ ಕೂಡ ಇಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಶುರುವಾದಾಗಿನಿಂದ ಅವರು ಕಾಗದದ ಮೇಲೆ ಸ್ವಯಂಸೇವಕಿಯರು. ಸಂಬಳದ ಬದಲು ಗೌರವಧನ, ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ. ರಾತ್ರಿ ಎರಡಕ್ಕೆ ಹೆರಿಗೆ ನೋವು ಬಂದರೆ ಮೊದಲು ಹೊಡೆದುಕೊಳ್ಳುವುದು ಅವರ ಫೋನು. ಕೊರೊನಾ ಕಾಲದಲ್ಲಿ ಮನೆಮನೆ ಸಮೀಕ್ಷೆಗೆ ಹೋಗಿ ಬೈಗುಳ, ಹಲ್ಲೆ ಎದುರಿಸಿದವರೂ ಅವರೇ. 2022ರ ಮೇ ತಿಂಗಳಲ್ಲಿ ಭಾರತದ ಹತ್ತು ಲಕ್ಷ ಆಶಾಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರ ಪ್ರಶಸ್ತಿ ಸಂದಿತು. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ಧರಣಿ ಮಾಡಿದ ಮೇಲೆ, ತಿಂಗಳಿಗೆ ಕನಿಷ್ಠ ₹10,000 ಸಿಗುವಂತೆ ಮಾಡುವ ಭರವಸೆಯನ್ನು ಸರ್ಕಾರ ಕೊಟ್ಟಿತು. ಮಾಡಿದ ಕೆಲಸ ಪೋರ್ಟಲಿನಲ್ಲಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪಿದಾಗ ಆಗುವ ಸಂಕಟಕ್ಕೆ ಆಪ್ತ ಸಮಾಲೋಚಕರ ಬಳಿ ಮದ್ದಿಲ್ಲ. ಅದಕ್ಕೆ ಬೇಕಿರುವುದು ಸರಿಯಾಗಿ ನಡೆಯುವ ಪೋರ್ಟಲ್.

ಹಾಗೆಂದು ಸಮಾಲೋಚನೆ ಬೇಡವೆಂದಲ್ಲ. ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಮಗು ಸತ್ತ ರಾತ್ರಿ, ಮಗು ಸತ್ತ ರಾತ್ರಿಯೇ. ತಪ್ಪು ಡೋಸ್ ಕೊಟ್ಟುಬಿಟ್ಟವರನ್ನು ಆಲ್ಬರ್ಟ್ ವೂ ಎಂಬ ಅಮೆರಿಕದ ವೈದ್ಯರು 2000ದಲ್ಲಿ ‘ಎರಡನೆಯ ಬಲಿಪಶು’ ಎಂದು ಕರೆದರು. ಆ ಪದ ರೋಗಿಯ ಕುಟುಂಬಕ್ಕೆ ಅನ್ಯಾಯ ಮಾಡುತ್ತದೆ ಎಂಬ ಆಕ್ಷೇಪವಿದೆ, ನನಗೂ ಅದು ಪೂರ್ತಿ ಹಿಡಿಸಿಲ್ಲ. ಆದರೆ ಅದು ಹೇಳುವ ಅನುಭವ ನಿಜ. ಅಂಥವರು ಸಹಾಯ ಕೇಳದೇ ಇರಲು ಒಂದು ಸರಳ ಕಾರಣವಿದೆ: ಮನೋವೈದ್ಯರು ಅದೇ ಕಾರಿಡಾರಿನವರು, ಮಧ್ಯಾಹ್ನ ಒಟ್ಟಿಗೆ ಊಟ ಮಾಡುವವರು. ಹೆಸರು ಬರೆಸದೆ, ಊರಿನ ಹೊರಗಿನವರೊಂದಿಗೆ ಮಾತನಾಡುವ ದಾರಿ ಬೇಕು. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದ ಟೆಲಿ ಮಾನಸ್ ಸಹಾಯವಾಣಿ ಅಂಥದ್ದೊಂದು. ಸಂಖ್ಯೆ 14416, ಉಚಿತ, ದಿನವಿಡೀ, ಕನ್ನಡದಲ್ಲಿಯೂ ಸಿಗುತ್ತದೆ. ಅದು ಸಾರ್ವಜನಿಕರಿಗೆ ಮಾತ್ರ ಎಂದುಕೊಂಡು ರೋಗಿಗಳಿಗೆ ಆ ಸಂಖ್ಯೆ ಬರೆದುಕೊಡುವ ಸಿಬ್ಬಂದಿಗೆ, ತಾವೂ ಕರೆ ಮಾಡಬಹುದು ಎಂಬುದು ಹೊಳೆದಿರುವುದಿಲ್ಲ.

ಹೊಸ ಹುದ್ದೆ ಮಂಜೂರು ಮಾಡಿಸುವುದು ತಾಲ್ಲೂಕು ಆಸ್ಪತ್ರೆಯವರ ಕೈಯಲ್ಲಿಲ್ಲ. ಇರುವ ಹಾಳೆಯಲ್ಲಿಯೇ ಏನು ಮಾಡಬಹುದು ಎಂದು ಅತ್ತಿಗೆಯನ್ನು ಕೇಳಿದ್ದೆ. ಈಗ ಅವರೇ ವಾರ್ಡ್ ಇನ್‌ಚಾರ್ಜ್. ಪಟ್ಟಿ ಬರೆಯುವ ಸರದಿ ಅವರದು. ‘ಮೊದಲು ದಿಕ್ಕು ನೋಡಬೇಕಪ್ಪ’ ಎಂದರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಈ ಕ್ರಮದಲ್ಲಿ ಮುಂದಕ್ಕೆ ಸರಿದರೆ ಮೈ ಒಗ್ಗುತ್ತದೆ. ಹಿಂದಕ್ಕೆ ಸರಿದರೆ ಒಗ್ಗುವುದಿಲ್ಲ. ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ. ನಮ್ಮ ದೇಹದ ಗಡಿಯಾರ ಇಪ್ಪತ್ತನಾಲ್ಕು ಗಂಟೆಗಿಂತ ತುಸು ಉದ್ದ, ಆದ್ದರಿಂದ ಬೇಗ ಮಲಗುವುದಕ್ಕಿಂತ ತಡವಾಗಿ ಮಲಗುವುದು ಅದಕ್ಕೆ ಸುಲಭ. ರಾತ್ರಿ ಪಾಳಿಯ ಮರುದಿನದ ಆಫ್‌ಗೆ ಯಾವ ಸಭೆಯನ್ನೂ ಅವರು ಇಡುವುದಿಲ್ಲ. ಇಬ್ಬರು ಒಪ್ಪಿ ಡ್ಯೂಟಿ ಅದಲು ಬದಲು ಮಾಡಿಕೊಂಡರೆ ಕಾರಣ ಕೇಳುವುದಿಲ್ಲ. ಡ್ಯೂಟಿ ರೂಮಿನ ಬಾಗಿಲಿಗೆ ಚಿಲಕ ಇರಲಿಲ್ಲ. ಅರ್ಜಿ ಕೊಟ್ಟು ಎಂಟು ತಿಂಗಳು ಕಾದು, ಕೊನೆಗೆ ಅಣ್ಣನಿಂದ ಅಂಗಡಿಯಲ್ಲಿ ತರಿಸಿ, ಅಟೆಂಡರ್ ಕೈಯಲ್ಲಿ ಹೊಡೆಸಿದರು.

ಪ್ರತಿ ತಿಂಗಳು ಇಪ್ಪತ್ತನೇ ತಾರೀಕಿನ ಹೊತ್ತಿಗೆ ಅವರ ಕೈಚೀಲದಲ್ಲಿ ಒಂದು ಸಣ್ಣ ನೋಟ್‌ಬುಕ್ ಓಡಾಡುತ್ತದೆ. ಹೋದ ತಿಂಗಳು ಊಟಕ್ಕೆ ಕುಳಿತಾಗ ಅದನ್ನು ತೆರೆದಿದ್ದರು. ‘4, 5: ಮಗನ ಪರೀಕ್ಷೆ, ನೈಟ್ ಬೇಡ. 11: ಅತ್ತೆಯ ಕಣ್ಣಿನ ಆಪರೇಷನ್. 19: ತೇರು. 23: ಏನೂ ಇಲ್ಲ, ಸುಮ್ಮನೆ ಆಫ್ ಬೇಕಂತೆ.’ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿತ್ತು. ಅದನ್ನು ಕೊಟ್ಟಿರಾ ಎಂದು ಕೇಳಿದೆ. ‘ಅದನ್ನೇ ಮೊದಲು ಹಾಕಿದ್ದು’ ಎಂದು ಅತ್ತಿಗೆ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡರು.